ಬೈಪಾಸಿಗೆ ಅಡ್ಡ ಕೂತವಳು

ಪರಿಸರದವರ ಜೀಪಿಗೆ ಡ್ರೈವರಾದ ಮೇಲೆ ನಾನು ಹೊತ್ತಿಗೆ ಸರಿಯಾಗಿ ಊಟಕ್ಕೆ ಮನೆಗೆ ಬಂದ ದಿನ ಕಡಿಮೆ. ನಗುವಂಥದ್ದು ಏನೂ ಆಗದೆ ಬಂದ ದಿನ ಅದಕ್ಕಿಂತ ಕಡಿಮೆ.

ಪರಿಸರದವರು ಅಂದರೆ ಯಾರು, ಹೇಳುತ್ತೇನೆ. ಒಂದು ರಸ್ತೆ ಬರಬೇಕು, ಕಲ್ಲುಕ್ವಾರಿ ಬರಬೇಕು ಅಂದರೆ ಸರಕಾರ ಮೊದಲು ಕೇಳುತ್ತದೆ. ಗಾಳಿಗೆ ಏನಾಗುತ್ತೆ, ನೀರಿಗೆ ಏನಾಗುತ್ತೆ, ಮರಕ್ಕೆ, ಜನಕ್ಕೆ ಏನಾಗುತ್ತೆ ಅಂತ. ಅದನ್ನು ನೋಡಿ ಬರೆಯೋದಕ್ಕೆ ಚೆನ್ನೈನಿಂದ ಒಂದು ಕಂಪನಿಯವರು ಬರುತ್ತಾರೆ. ಒಬ್ಬರು ಸಾರ್. ಒಬ್ಬರು ಗಿಡಮರ ನೋಡುವ ಮೇಡಂ, ಚಿಕ್ಕ ವಯಸ್ಸು. ಅವರನ್ನು ಕೂರಿಸಿಕೊಂಡು ಕಂಬಂ ಕಣಿವೆ ತಿರುಗೋದು ನನ್ನ ಕೆಲಸ. ನಾನು ಓದಿದ್ದು ಐದನೇ ಕ್ಲಾಸು. ಗಾಡಿ ಮೆಲ್ಲಗೆ ಓಡಿಸುತ್ತೇನೆ. ಮಾತೂ ಹಾಗೇ.

ಅವರೂ ಊರವರೂ ಮಾತಾಡೋದು ತಮಿಳು. ನಮ್ಮ ಮನೆಯೊಳಗೆ ಕನ್ನಡ. ದಿನಾ ಸಾಯಂಕಾಲ ಬಂದು ಹೆಂಡತಿಗೆ ಎಲ್ಲ ಕನ್ನಡದಲ್ಲಿ ಹೇಳುತ್ತಿದ್ದೆ. ಈಗ ಅವಳಿಲ್ಲ. ಹೇಳೋ ಚಾಳಿ ಹೋಗಲಿಲ್ಲ. ಅದಕ್ಕೇ ಬರೆಯುತ್ತಿರುವುದು.

ಗಾಳಿ ಪೆಟ್ಟಿಗೆ

ಗಾಳಿ ಅಳೆಯುವ ಯಂತ್ರ ಒಂದಿದೆ. ಕಾಲಿರುವ ತಗಡಿನ ಪೆಟ್ಟಿಗೆ. ಒಳಗೊಂದು ಬಿಳಿ ಕಾಗದ. ಹಗಲೂ ರಾತ್ರಿ ಗುಂಯ್ ಅಂತ ಗಾಳಿ ಎಳೆಯುತ್ತೆ, ಧೂಳು ಕಾಗದಕ್ಕೆ ಹಿಡಿಯುತ್ತೆ. ಆ ಕಾಗದವನ್ನು ಚೆನ್ನೈಯಲ್ಲಿ ತೂಗುತ್ತಾರೆ. ನಮ್ಮೂರ ಹೊರಗೆ ಒಂದು ಬೈಪಾಸ್ ರಸ್ತೆ ಬರೋದಿತ್ತು. ಅದು ಬರೋ ಮುಂಚೆ ಗಾಳಿ ಎಷ್ಟು ಚೊಕ್ಕ ಇತ್ತು ಅಂತ ತಿಳಿಯಬೇಕಲ್ಲ.

ಅದನ್ನು ಇಡೋದಕ್ಕೆ ಯಾರೂ ತಾರಸಿ ಕೊಡಲಿಲ್ಲ. ಒಬ್ಬರು ಬಾಂಬು ಅಂದರು. ಒಬ್ಬರು ಕರೆಂಟು ಬಿಲ್ಲು ಯಾರು ಕಟ್ಟೋದು ಅಂದರು. ಕಡೆಗೆ ನಮ್ಮ ಮನೆ ಮೇಲೆ ಇಟ್ಟುಕೊಳ್ಳಿ ಅಂದೆ. ಹೆಂಡತಿಗೆ ಹೇಳೋದು ಮರೆತೆ.

ಅವತ್ತೇ ಅವಳು ವರ್ಷಕ್ಕಾಗುವಷ್ಟು ಕೊಳಂಬಿನ ಪುಡಿಗೆ, ಅಂದರೆ ಹುಳಿಪುಡಿಗೆ, ಮೆಣಸಿನಕಾಯಿ ಹುರಿದಳು. ಹಿತ್ತಲಲ್ಲಿ ಒಲೆ, ನೇರ ಮೇಲೆ ಪೆಟ್ಟಿಗೆ.

ಚೆನ್ನೈಯಲ್ಲಿ ಕವರು ಬಿಚ್ಚಿದವರು ಸೀನಿದರಂತೆ. ಸಾರ್ ಫೋನ್ ಮಾಡಿದರು.

"ಅಲ್ಲಿ ಹತ್ತಿರ ಫ್ಯಾಕ್ಟರಿ ಇದೆಯಾ?"

"ಇದೆ ಸಾರ್."

"ಏನು ಫ್ಯಾಕ್ಟರಿ? ಯಾರದು?"

"ನನ್ನ ಹೆಂಡತಿ ಸಾರ್."

ಮತ್ತೆ ಬಂದು ಮತ್ತೆ ಇಡಬೇಕಾಯಿತು. ಸಾರ್ ಅವಳಿಗೆ ಕೈಮುಗಿದರು. "ಅಮ್ಮಾ, ನಾಳೆ ಒಂದು ದಿನ ಒಲೆ ಹಚ್ಚಬೇಡಿ. ಕಂಪನಿ ಲೆಕ್ಕದಲ್ಲಿ ಪರೋಟ ತರಿಸ್ತೀವಿ."

ಮರುದಿನ ಅವಳು ಕಾಲು ಚಾಚಿ ಕೂತು ಪರೋಟ ತಿಂದಳು. ತಿಂದು, ತಾರಸಿ ಕಡೆ ನೋಡಿ ಅಂದಳು: "ಈ ಕಾನೂನು ನಾನು ಮದುವೆಯಾಗಿ ಬಂದ ವರ್ಷವೇ ಬರಬೇಕಿತ್ತು."

ಸದ್ದು

ಸದ್ದು ಅಳೆಯೋದಕ್ಕೂ ಒಂದು ಯಂತ್ರ ಇದೆ. ಕೈಯಲ್ಲಿ ಹಿಡಿಯುವಂಥದ್ದು, ತುದಿಗೆ ಹತ್ತಿಯ ಉಂಡೆಯ ಹಾಗೆ ಒಂದು ಗುಂಡು. ಆಸ್ಪತ್ರೆ, ಸ್ಕೂಲು, ದೇವಸ್ಥಾನದ ಹತ್ತಿರ ಸದ್ದು ಕಡಿಮೆ ಇರಬೇಕು ಅಂತ ರೂಲ್ಸು.

ಬೋಡಿಯಲ್ಲಿ ಒಂದು ಆಸ್ಪತ್ರೆ ಎದುರು ಸಾರ್ ಅದನ್ನು ಹಿಡಿದು ನಿಂತರು. ನಿಂತ ಕೂಡಲೇ ಜನ ಸೇರಿತು. ಟಿವಿಯವರು ಅಂದುಕೊಂಡರು. ಏನು ಸಾರ್, ಯಾವ ಚಾನಲ್ ಸಾರ್ ಅಂತ ಗಲಾಟೆ.

ಅವತ್ತು ಜೀಪಿನಲ್ಲಿ ನನ್ನ ಭಾವನೂ ಇದ್ದ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ನಮ್ಮ ಹೊಲದ ಪಕ್ಕದ್ದೇ ಅವನ ಹೊಲ. ಸಂತೆಯಲ್ಲಿ ದನದ ವ್ಯಾಪಾರ ಮಾಡಿ ಬೆಳೆದ ಗಂಟಲು. ಅವನಿಗೆ ಸಾರ್ ಪರವಾಗಿ ಏನಾದರೂ ಮಾಡಬೇಕು ಅನ್ನಿಸಿತು. ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ನಿಂತ.

"ಲೇ! ಎಲ್ಲಾ ಬಾಯ್ ಮುಚ್ಚಿ! ಸದ್ದು ಅಳೀತಾವ್ರೆ!"

ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ ಹೊರಗೆ ಓಡಿಬಂದರು. ಜನ ಗಪ್ ಚುಪ್. ಸಾರ್ ಯಂತ್ರ ನೋಡಿದರು, ಭಾವನನ್ನು ನೋಡಿದರು.

"ಇವತ್ತಿನ ಜಾಸ್ತಿ ಸದ್ದು ನಿಮ್ಮದೇ," ಅಂದರು.

ಭಾವ ಇವತ್ತಿಗೂ ಅದನ್ನು ಬಹುಮಾನ ಬಂದ ಹಾಗೆ ಹೇಳಿಕೊಳ್ಳುತ್ತಾನೆ.

ಜೀಪು ಹತ್ತಿದ ನೇರಳೆ

ಬೋಡಿಮೆಟ್ಟಿಗೆ ಹೋಗುವ ಘಾಟಿಯಲ್ಲಿ ಎಲ್ಲೋ ಒಂದಷ್ಟು ಮರ ಕಡಿದಿದ್ದರು. ಅದಕ್ಕೆ ಬದಲಾಗಿ ಕಂಟ್ರಾಕ್ಟರು ಸಸಿ ನೆಡಬೇಕು ಅಂತ ಆರ್ಡರು. ನೆಟ್ಟಿದ್ದಾರೋ ಇಲ್ಲವೋ ನೋಡೋದಕ್ಕೆ ದಿಂಡಿಗಲ್ ಕಡೆಯಿಂದ ಒಬ್ಬ ವಯಸ್ಸಾದ ಅಧಿಕಾರಿ ಬಂದರು. ಅವರಿಗೂ ನನ್ನ ಜೀಪೇ.

ಹೊರಡುವಾಗ ಕಂಟ್ರಾಕ್ಟರು ನನ್ನ ಕಿವಿಯಲ್ಲಿ, "ಅಣ್ಣೇ, ಸ್ವಲ್ಪ ಮೆಲ್ಲಗೆ ಓಡಿಸಿ," ಅಂದ. ನಾನು ಓಡಿಸೋದೇ ಹಾಗೆ. ಅದನ್ನು ಬೇಡಿ ಕೇಳಿದವನು ಅವನೊಬ್ಬನೇ.

ಮೊದಲ ತಿರುವಿನಲ್ಲಿ ಸಸಿಗಳು ಸಾಲಾಗಿ ನಿಂತಿದ್ದವು. ಅಧಿಕಾರಿ ಒಳ್ಳೇದು ಅಂದರು. ಮುಂದೆ ಟೀ ಅಂಗಡಿ. ಕಂಟ್ರಾಕ್ಟರು ಏಲಕ್ಕಿ ಟೀ ಕುಡಿದೇ ಹೋಗಬೇಕು ಅಂತ ಹಟ ಹಿಡಿದ. ಕುಡಿಯುತ್ತಿರುವಾಗ ತಾಡಪಾಲು ಮುಚ್ಚಿದ ಒಂದು ಮಿನಿ ಲಾರಿ ನಮ್ಮನ್ನು ದಾಟಿ ಮೇಲಕ್ಕೆ ಹೋಯಿತು. ಎರಡನೇ ತಿರುವಿನಲ್ಲೂ ಸಸಿ. ಮತ್ತೆ ಟೀ. ಮತ್ತೆ ಲಾರಿ.

ಮೂರನೇ ತಿರುವಿನಲ್ಲಿ ಅಧಿಕಾರಿ ಇಳಿದು ಒಂದು ನೇರಳೆ ಸಸಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅದರ ತುದಿ ಆಡು ಕಚ್ಚಿತ್ತು. ಸೊಂಟಕ್ಕೆ ಕೆಂಪು ಪ್ಲಾಸ್ಟಿಕ್ ದಾರ. ಹಿಂದಿನ ಎರಡು ತಿರುವಿನಲ್ಲೂ ನಾನು ಅದನ್ನು ನೋಡಿದ್ದೆ. ಅವರೂ ನೋಡಿದ್ದರು. ಅವರು ಸಸಿಯನ್ನು ಒಂದೇ ಕೈಯಲ್ಲಿ ಎತ್ತಿದರು. ಚೀಲದ ಸಮೇತ ಬಂತು.

"ಪಾಪ, ಇದಕ್ಕೆ ಸುಸ್ತಾಗಿದೆ," ಅಂದರು ಕಂಟ್ರಾಕ್ಟರಿಗೆ. "ಮುಂದಿನ ತಿರುವಿಗೆ ನಮ್ಮ ಜೀಪಲ್ಲೇ ಬರಲಿ."

ಬಂತು. ಇಳಿಯುವಾಗ ಅಧಿಕಾರಿ ಅದನ್ನು ನನಗೇ ಕೊಟ್ಟರು. "ಎಲ್ಲಾದರೂ ಓಡಾಡದೆ ಇರೋ ಜಾಗದಲ್ಲಿ ನೆಡಪ್ಪ."

ಮನೆಗೆ ಬಂದು ಹೇಳಿದೆ. ಹೆಂಡತಿ ಕೇಳಿದಳು: "ಜೀಪಲ್ಲಿ ಅದು ಮುಂದೆ ಕೂತಿತ್ತಾ, ಹಿಂದೆಯಾ?"

"ಮುಂದೆ. ಅಧಿಕಾರಿ ತೊಡೆ ಮೇಲೆ."

ಅವಳಿಗೆ ನಕ್ಕು ನಕ್ಕು ಕೆಮ್ಮು ಬಂತು. ಗೋಡೆ ಹಿಡಿದು ನಕ್ಕಳು. ಆಮೇಲೂ ನಕ್ಕಿದ್ದಾಳೆ. ಆದರೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಕಡೆಯ ಸಲ. ನೇರಳೆಯನ್ನು ನಮ್ಮ ಹೊಲದ ಬಾವಿ ಹತ್ತಿರ ಅವಳೇ ನೆಟ್ಟಳು.

ನನ್ನ ಹೊಲಕ್ಕೆ ನಾನೇ ದಾರಿ ತೋರಿಸಿದ್ದು

ಅವಳು ಹೋದಳು. ಅದರ ಬಗ್ಗೆ ಇಲ್ಲಿ ಬರೆಯಲ್ಲ.

ನಮ್ಮವರಲ್ಲಿ ಗಂಡನಿಗಿಂತ ಮುಂಚೆ ಹೂವು ಕುಂಕುಮದ ಜೊತೆ ಹೋದ ಹೆಂಗಸು ಆ ಮನೆಗೆ ದೇವರು. ಒಂದು ಕಲ್ಲು ನೆಟ್ಟು, ಅರಿಶಿನ ಹಚ್ಚಿ, ವರ್ಷಕ್ಕೊಂದು ಹೊಸ ಸೀರೆ ಇಟ್ಟು ಕೈಮುಗಿಯುತ್ತೇವೆ. ನೇರಳೆ ಗಿಡದ ಪಕ್ಕ ಕಲ್ಲು ನೆಟ್ಟೆ. ಭಾವ ಒಂದು ಗಂಟೆ ತಂದು ಕಟ್ಟಿದ. ದಿನಾ ಬೆಳಿಗ್ಗೆ ಅಲ್ಲಿ ಹೋಗಿ ಕೂರುತ್ತೇನೆ. ನನಗೆ ಉಳಿದದ್ದು ಅದೊಂದು ಜಾಗ.

ಬೈಪಾಸಿನ ಗೆರೆ ಎಳೆಯೋದಕ್ಕೆ ಸಾರ್, ಮೇಡಂ ಬಂದರು. ಕೆಂಪು ಬಾವುಟ ನೆಡುತ್ತಾ ಹೋಗೋದು. ಬಾವುಟದ ಕಟ್ಟು ನನ್ನ ಕೈಯಲ್ಲಿ. ಸಾರ್ ಮ್ಯಾಪು ನೋಡಿ ಎಡಕ್ಕೆ ಅಂದರೆ ಎಡಕ್ಕೆ ಹೋದೆ, ಬಲಕ್ಕೆ ಅಂದರೆ ಬಲಕ್ಕೆ. ತಲೆ ಬಗ್ಗಿಸಿ ನೆಡುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ನನ್ನ ಕಲ್ಲು. ಮುಂದಿನ ಬಾವುಟ ಸರಿಯಾಗಿ ಅದರ ತಲೆ ಮೇಲೆ ಬರಬೇಕು.

ಮೇಡಂ ಕೇಳಿದರು: "ಇದೇನು ಅಣ್ಣಾ?"

ನಾನು ಬಾವುಟದ ಕಟ್ಟು ಕೆಳಗಿಟ್ಟು ಚಪ್ಪಲಿ ಬಿಟ್ಟೆ. ಭಾವ ತನ್ನ ಹೊಲದ ಬದುವಿನ ಮೇಲೆ ನಿಂತಿದ್ದ. ಅಲ್ಲಿಂದಲೇ ಕೂಗಿದ: "ಅದು ನಮ್ಮ ಮನೆದೇವರು ಮೇಡಂ!"

"ಯಾರು ಪೂಜೆ ಮಾಡೋದು?"

"ನಮ್ಮ ಮಾಪ್ಳೆ. ನಿಮ್ಮ ಡ್ರೈವರು!"

ಮಾಪ್ಳೆ ಅಂದರೆ ನಾನು, ತಂಗಿಯ ಗಂಡ. ಮೇಡಂ ನನ್ನ ಬರಿಗಾಲು ನೋಡಿದರು, ತಾವೂ ಚಪ್ಪಲಿ ಬಿಟ್ಟರು, ಪೂಜಾಸ್ಥಳ ಅಂತ ಬರೆದುಕೊಂಡರು. ಸುಳ್ಳೇನಿಲ್ಲ.

ಸುಳ್ಳು ಹುಟ್ಟಿದ್ದು ಚೆನ್ನೈಯಲ್ಲಿ. ಅಲ್ಲಿ ವರದಿ ಬರೆಯುವವರು ಹಳೇ ವರದಿಯ ಪುಟ ತೆಗೆದು ಹೊಸದಕ್ಕೆ ಅಂಟಿಸುತ್ತಾರಂತೆ. ಸಮುದ್ರದ ಕಡೆಯ ಯಾವುದೋ ದೇವಸ್ಥಾನದ ಪುಟ ನಮ್ಮದಕ್ಕೆ ಬಂದು ಕೂತಿತ್ತು. ಮೇಡಂ ತಲೆ ಮೇಲೆ ಕೈ ಹೊತ್ತು ನನಗೆ ಓದಿ ಹೇಳಿದರು. "ಪುರಾತನ ಅಮ್ಮನವರ ದೇವಸ್ಥಾನ. ಸಾವಿರಾರು ಭಕ್ತರು. ಪುರಾತನ ನೇರಳೆ ವೃಕ್ಷ. ವರ್ಷಕ್ಕೊಮ್ಮೆ ತೆಪ್ಪೋತ್ಸವ."

ತೆಪ್ಪೋತ್ಸವ ಅಂದರೆ ದೇವರನ್ನು ತೆಪ್ಪದಲ್ಲಿ ಕೂರಿಸಿ ನೀರಲ್ಲಿ ಸುತ್ತಿಸೋದು. ನನ್ನ ಹೆಂಡತಿಗೆ ನೀರು ಅಂದರೆ ಭಯ. ಇದ್ದಷ್ಟು ದಿನ ಬಾವಿಯೊಳಗೆ ಬಗ್ಗಿ ನೋಡಿದವಳಲ್ಲ.

ಕಲ್ಯಾಣ ಮಂಟಪದಲ್ಲಿ ಸಾಕ್ಷಿ

ರಸ್ತೆ ಮಾಡೋ ಮುಂಚೆ ಜನರನ್ನು ಕರೆದು ಅಭಿಪ್ರಾಯ ಕೇಳಬೇಕು. ಅದೂ ರೂಲ್ಸು. ಒಂದು ಕಲ್ಯಾಣ ಮಂಟಪದಲ್ಲಿ ಸೇರಿದೆವು. ವೇದಿಕೆ ಮೇಲೆ, ಮದುವೆ ಗಂಡು ಕೂರುವ ಕುರ್ಚಿಯಲ್ಲಿ, ಜಿಲ್ಲೆಯ ದೊಡ್ಡ ಅಧಿಕಾರಿ. ಹಿಂದೆ ಯಾರದೋ ಮದುವೆಯ ಥರ್ಮಾಕೋಲ್ ನವಿಲು, ಇನ್ನೂ ತೆಗೆದಿರಲಿಲ್ಲ.

ಅಧಿಕಾರಿ ವರದಿ ನೋಡಿ ಕೇಳಿದರು: "ಈ ಅಮ್ಮನವರ ಬಗ್ಗೆ ಯಾರಾದರೂ ಹೇಳ್ತೀರಾ?"

ನಮ್ಮ ಬೀದಿಯ ಒಬ್ಬ ಅಜ್ಜಿ ಎದ್ದಳು. "ಮಹಾ ಕೋಪಿಷ್ಠೆ ಸಾಮಿ. ಬೇಡ ಅಂದದ್ದು ಮಾಡಿದ್ರೆ ಬಿಡೋಳಲ್ಲ."

ದ್ರಾಕ್ಷಿ ವ್ಯಾಪಾರಿ ಎದ್ದ. "ಆದರೆ ಅನ್ನ ಹಾಕೋ ಕೈ ಸಾರ್. ಬಾಗಿಲಿಗೆ ಹೋದೋರು ಹಸಿದು ಬರಲ್ಲ."

ಭಾವ ಎದ್ದ. ಮೈಕು ಬೇಡ ಅಂತ ತಳ್ಳಿದ. "ಚಿಕ್ಕಂದಿನಿಂದ ನಾನು ಕಂಡಿದ್ದೀನಿ. ನನ್ನನ್ನೇ ಎಷ್ಟು ಸಲ ಹೊಡೆದಿದ್ದಾಳೆ!"

ಯಾರೂ ಸುಳ್ಳು ಹೇಳಲಿಲ್ಲ. ಅಧಿಕಾರಿ ಕೈಮುಗಿಯುವಂಥ ಮುಖ ಮಾಡಿಕೊಂಡು ಕೇಳುತ್ತಿದ್ದರು. ಆಮೇಲೆ, "ಪೂಜಾರಿ ಯಾರು?" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ.

"ಅಮ್ಮನವರು ಎಷ್ಟು ಹಳಬರು?"

ಭಾವ ಹಿಂದಿನಿಂದ ಅಂಗಿ ಎಳೆದ. "ಸಾವಿರ ವರ್ಷ ಅನ್ನು ಮಾಪ್ಳೆ. ಸಾವಿರ ಅನ್ನು." ಸಾವಿರ ಅಂದರೆ ಕಲ್ಲು ಉಳಿಯುತ್ತೆ. ನಿಜ ಹೇಳಿದರೆ ಮೇಲೆ ಟಾರು ಬೀಳುತ್ತೆ. ನನಗೂ ಗೊತ್ತಿತ್ತು. ಆದರೆ ಅವಳಿಗೆ ವಯಸ್ಸು ಜಾಸ್ತಿ ಹೇಳಿದರೆ ಆಗುತ್ತಿರಲಿಲ್ಲ.

"ಬರೋ ತೈ ತಿಂಗಳ ಸಂಕ್ರಾಂತಿಗೆ ಐವತ್ತೆಂಟು ಆಗ್ತಿತ್ತು, ಸಾರ್," ಅಂದೆ. "ನನ್ನ ಹೆಂಡತಿ."

ಅಧಿಕಾರಿ ಕನ್ನಡಕ ತೆಗೆದರು. ಸಾರ್ ನೆಲ ನೋಡಿದರು.

"ಕಲ್ಲು ರಸ್ತೆಯಲ್ಲಿ ಎಲ್ಲಿ ಬರುತ್ತೆ? ಅಂಚಿಗಾ?"

"ನಟ್ಟನಡುವೆ ಸಾರ್. ಇದ್ದಾಗಲೂ ಹಾಗೇ. ಅವಳನ್ನು ದಾಟಿ ಯಾರೂ ಆಚೆ ಹೋದದ್ದಿಲ್ಲ."

ಮೊದಲು ನಕ್ಕಿದ್ದು ಆ ಅಜ್ಜಿ. ಆಮೇಲೆ ಇಡೀ ಮಂಟಪ. ಅಧಿಕಾರಿಯೂ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, ಸಾರ್ ಕಡೆ ತಿರುಗಿ ಅಂದರು: "ದೇವರು ಹೊಸದು. ಆದರೆ ಪೂಜೆ ಸುಳ್ಳಲ್ಲವಲ್ಲ. ರಸ್ತೆ ಸ್ವಲ್ಪ ಬಗ್ಗಿಸಿ."

ಬಗ್ಗಿಸಿದರು. ಬಗ್ಗಿದ ರಸ್ತೆ ಭಾವನ ಮೋಟಾರು ಶೆಡ್ಡಿನ ಮೇಲೆ ಹೋಯಿತು. ಸರಕಾರ ಬೇರೆ ಶೆಡ್ಡು ಕಟ್ಟಿಕೊಟ್ಟಿತು, ಆದರೂ ಅವನು ಕಲ್ಲಿನ ಮುಂದೆ ನಿಂತು ಬೈದ: "ಚಿಕ್ಕವಳಿದ್ದಾಗ ನನ್ನ ಮಂಚ ಕಿತ್ಕೊಂಡೆ. ಈಗ ಶೆಡ್ಡು. ಇನ್ನೇನು ಬೇಕು ತಂಗೀ?" ಬೈದು, ಗಂಟೆ ಹೊಡೆದು, ಕುಂಕುಮ ಇಟ್ಟುಕೊಂಡು ಹೋದ.

ತೆಪ್ಪ

ಮುಗಿಯಿತು ಅಂದುಕೊಂಡೆ. ರಸ್ತೆಗೆ ಒಪ್ಪಿಗೆ ಬಂತು. ಜೊತೆಗೆ ಷರತ್ತುಗಳೂ ಬಂದವು. ಮೇಡಂ ಫೋನಲ್ಲಿ ಓದಿದರು. "ಅಮ್ಮನವರ ತೆಪ್ಪೋತ್ಸವ ಪ್ರತಿವರ್ಷ ಅಡ್ಡಿಯಿಲ್ಲದೆ ನಡೆಯತಕ್ಕದ್ದು. ಅಧಿಕಾರಿಗಳು ಖುದ್ದು ನೋಡತಕ್ಕದ್ದು."

"ಅದು ತಪ್ಪು ಅಂತ ಹೇಳಿ ಮೇಡಂ."

"ಹೇಳಿದ್ವಿ ಅಣ್ಣಾ. ತಿದ್ದಬೇಕು ಅಂದರೆ ಎಲ್ಲಾ ಮೊದಲಿಂದ ಮಾಡಬೇಕಂತೆ. ಗಾಳಿ ಪೆಟ್ಟಿಗೆಯಿಂದ. ಗೆರೆಯೂ ಮತ್ತೆ ಎಳೀತಾರೆ."

ಗೆರೆ ಮತ್ತೆ ಎಳೆದರೆ ಎಲ್ಲಿ ಬೀಳುತ್ತೋ ಯಾರಿಗೆ ಗೊತ್ತು. "ಬೇಡ," ಅಂದೆ. "ನಡೆಸ್ತೀವಿ."

ನಮ್ಮಲ್ಲಿ ಕೊಳ ಇಲ್ಲ. ಇರೋದು ಮೋಟಾರಿನ ನೀರು ಬೀಳುವ ಸಿಮೆಂಟು ತೊಟ್ಟಿ. ಭಾವ ಎರಡು ಬಾಳೆದಿಂಡು ಕಟ್ಟಿ ತೆಪ್ಪ ಮಾಡಿದ. ಕಲ್ಲು ಭಾರ, ಮುಳುಗುತ್ತೆ. ಅದಕ್ಕೆ ಅವಳ ಫೋಟೋ ಇಟ್ಟೆವು, ಹೊಸ ಸೀರೆ ಸುತ್ತಿ. ಫೋಟೋದಲ್ಲಿ ಅವಳ ಮುಖ ಮೊದಲೇ ಗಂಟು. ತೊಟ್ಟಿ ನೋಡಿ ಇನ್ನೂ ಗಂಟು ಹಾಕಿಕೊಂಡ ಹಾಗಿತ್ತು.

ನೋಡೋದಕ್ಕೆ ಬಂದವನು ಹೊಸ ಅಧಿಕಾರಿ, ಹುಡುಗ. ಹಿಂದಿನದು ಏನೂ ತಿಳಿಯದು. ಬೂಟು ಬಿಚ್ಚಿ, ಕೈಕಟ್ಟಿ ನಿಂತ. "ಭಕ್ತರು ಸಾವಿರಾರು ಅಂತ ಇದೆ?" ಅಂದ.

ಭಾವ ಅಂದ: "ಅವರೆಲ್ಲ ಬಿಸಿಲು ಇಳಿದ ಮೇಲೆ ಬರ್ತಾರೆ."

ನಾನು ಪಂಚೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದೆ. ತೆಪ್ಪವನ್ನು ಎರಡೂ ಕೈಯಲ್ಲಿ ಹಿಡಿದೆ. ತಳ್ಳಿದರೆ ಅಲ್ಲಾಡಿತು. ಅವಳು ಬೆದರುತ್ತಾಳೆ ಅನ್ನಿಸಿತು. ಗಟ್ಟಿ ಹಿಡಿದುಕೊಂಡು, ಬಗ್ಗಿ, ನಮ್ಮ ಮನೆಮಾತಲ್ಲಿ ಮೆಲ್ಲಗೆ ಹೇಳುತ್ತಾ ಸುತ್ತಿದೆ. "ಹೆದರಬೇಡ. ಮೊಣಕಾಲುದ್ದ ನೀರು. ನಾನು ಹಿಡಕೊಂಡಿದ್ದೀನಿ. ಇನ್ನೊಂದೇ ಸುತ್ತು. ಆಯ್ತು, ಆಯ್ತು, ಬಂತು ದಡ."

ಹುಡುಗನಿಗೆ ಕನ್ನಡ ಬರದು. ಕಣ್ಣು ಮುಚ್ಚಿ ಕೇಳಿದ. ಆಮೇಲೆ ಪೆನ್ನು ತೆಗೆದು, ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದ:

"ಷರತ್ತು ಪಾಲಿಸಲಾಗಿದೆ. ಪುರಾತನ ಮಂತ್ರಗಳ ಸಮೇತ."