ಬೀಗರು ಕಳಿಸಿದ ಸಕ್ಕರೆ ಆನೆ

ಜಂಬ ಪಡಲು ಒಬ್ಬೊಬ್ಬರಿಗೆ ಒಂದೊಂದು ಸಂಗತಿ ಇರುತ್ತದೆ. ನನಗಿರುವುದು ಸಕ್ಕರೆ ಅಚ್ಚು. ಹೆಣ್ಣುಮಕ್ಕಳಿಲ್ಲದ ನಮ್ಮಮ್ಮ ಸಂಕ್ರಾಂತಿ ಬಂತೆಂದರೆ ನನ್ನನ್ನೇ ಒಲೆಯ ಮುಂದೆ ಕೂರಿಸಿ ಪಾಕ ತಿರುವಿಸುತ್ತಿದ್ದಳು. ಆಗ ಸುದ್ದಗುಂಟೆಪಾಳ್ಯದಲ್ಲಿ ನಮ್ಮದು ರಾಗಿ ಹೊಲ. ಈಗ ಅದೇ ಜಾಗದಲ್ಲಿ ಮೂರಂತಸ್ತು ಕಟ್ಟಿ, ಬಾಡಿಗೆಗೆ ಕೊಟ್ಟು, ಓನರ್ ಅಂಕಲ್ ಅನ್ನಿಸಿಕೊಂಡಿದ್ದೇನೆ. ಹೊಲ ಹೋದರೂ ಅಮ್ಮನ ಮರದ ಅಚ್ಚುಗಳು ಉಳಿದಿವೆ. ನಾನು ಮಾಡಿದ ಆನೆಯಲ್ಲಿ ಸೊಂಡಿಲಿನ ಸುಕ್ಕು ಸಹ ಕಾಣಿಸುತ್ತದೆ. ಈ ಮಾತನ್ನು ಹೊಸ ಬಾಡಿಗೆದಾರರಿಗೆ ನೀರಿನ ಮೋಟರಿನ ಸ್ವಿಚ್ ತೋರಿಸುವ ಮೊದಲೇ ಹೇಳಿಬಿಡುತ್ತೇನೆ.

ಮೇಲಿನ ಮನೆಯಲ್ಲಿ ಗದಗದ ಕಡೆಯ ರೇಣುಕಾ ಇಬ್ಬರು ಗೆಳತಿಯರ ಜೊತೆ ಇದ್ದಾಳೆ. ಈಚೆಗೆ ಅವಳಿಗೆ ಮದುವೆ ಗೊತ್ತಾಗಿದೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಬಂದು, "ಅಂಕಲ್, ಹುಣ್ಣಿವಿಗೆ ಮನ್ಯಾಗ ಗೌರಿ ಕೂಡ್ರಸ್ತೀವ್ರಿ, ನಡೀತೈತೇನ್ರಿ?" ಎಂದಳು. "ಗೌರಿ ಹಬ್ಬ ಗಣೇಶನ ಜೊತೆಗೇ ಹೋಯ್ತಲ್ಲಮ್ಮ" ಎಂದು ನಾನು ದೊಡ್ಡ ಪಂಚಾಂಗದವನಂತೆ ನಕ್ಕೆ. "ನಮ್ಮ ಕಡೆ ಗೌರಿ ಹುಣ್ಣಿವಿ ಈಗ ರೀ" ಎಂದು ಅವಳೂ ನಕ್ಕಳು. ಒಪ್ಪಿದೆ. ಇನ್ನೂ ಎರಡು ಪ್ರಶ್ನೆ ಕೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ, ಹುಡುಗಿಯರು ಆಫೀಸಿಗೆ ಹೋಗಿದ್ದಾಗ, ಅವರ ಊರಿನವರೊಬ್ಬರು ಎರಡು ಡಬ್ಬಿ ತಂದರು. "ಒಂದು ರೇಣುಕಾಗ ರೀ, ಒಂದು ನಿಮಗ ರೀ" ಎಂದವರೇ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಯಾವುದು ಯಾರದೆಂದು ತಿಳಿಯಲು ಎರಡನ್ನೂ ತೆರೆದೆ. ಒಂದರಲ್ಲಿ ಉಂಡೆ, ಇನ್ನೊಂದರಲ್ಲಿ ಸಕ್ಕರೆ ಅಚ್ಚು. ಉಂಡೆ ತಾಯಿ ಮಗಳಿಗೆ ಕಳಿಸುವುದು, ಸಕ್ಕರೆ ಅಚ್ಚು ನಾಲ್ಕು ಮನೆಗೆ ಬೀರುವುದು. ಇದರಲ್ಲಿ ಯೋಚಿಸುವುದೇನಿದೆ? ಸಂಕ್ರಾಂತಿಯಲ್ಲಿ ಮಾಡುವ ಹಾಗೆ ಅಕ್ಕಪಕ್ಕದವರಿಗೆಲ್ಲ ಹಂಚಿ ಬಂದೆ. "ನಾನು ಮಾಡಿದ್ರೆ ಇನ್ನೂ ನೀಟಾಗಿರ್ತಿತ್ತು" ಎಂದು ಮನೆಮನೆಗೂ ಹೇಳುವುದನ್ನು ಮರೆಯಲಿಲ್ಲ.

ಸಂಜೆ ವಿಷಯ ತಿಳಿದ ರೇಣುಕಾ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ನಿಮಗ ಕಳಿಸಿದ್ದು ಉಂಡಿ ರೀ ಅಂಕಲ್. ಅದು ನಮ್ಮ ಅತ್ತಿ ಆಗಾವ್ರು ಕಳಿಸಿದ ಸಕ್ಕರಿ ಆರತಿ. ನಾಳೆ ತಾಟಿನ್ಯಾಗ ಇಟ್ಟು, ದೀಪಾ ಹಚ್ಚಿ ಗೌರಿಗೆ ಬೆಳಗಬೇಕು. ಅವ್ರು ಫೋನಿನ್ಯಾಗ ನೋಡ್ತಾರ. ಹಂಚಿಬಿಟ್ವಿ ಅಂತ ಹೆಂಗ ಹೇಳ್ಲಿ?" ಎನ್ನುವಾಗ ಅವಳ ಕಣ್ಣು ತುಂಬಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ವಾಪಸು ಕೇಳೋಣವೆಂದು ಓಡಿದರೆ ಎದುರುಮನೆಯ ಆನೆ ಆಗಲೇ ಕಾಫಿಯಲ್ಲಿ ಕರಗಿತ್ತು. ಪಕ್ಕದ ಮನೆಯವರು "ಸಖತ್ತಾಗಿತ್ತು ಸಾರ್, ನಿಮ್ಮದಕ್ಕಿಂತ ಚೆನ್ನಾಗಿತ್ತು" ಎಂದು ಹೊಟ್ಟೆ ಉರಿಸಿ ಕಳಿಸಿದರು.

ಮರುದಿನ ಬೆಳಿಗ್ಗೆ ಎದ್ದವನೇ ಅಟ್ಟದಿಂದ ಅಚ್ಚುಗಳನ್ನು ಇಳಿಸಿ ನೀರಲ್ಲಿ ನೆನೆಹಾಕಿದೆ. ಹಾಲು ಹಾಕಿ ಸಕ್ಕರೆಯ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಪಾಕ ಬೆಳ್ಳಗಾಗುವವರೆಗೆ ತಿರುವಿದೆ. ರೇಣುಕಾ ರಜೆ ಹಾಕಿ, ಅಚ್ಚುಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತ ಪಕ್ಕದಲ್ಲಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಆನೆ, ಕುದುರೆ, ಗಿಳಿ, ತುಳಸಿಕಟ್ಟೆ ಸಾಲಾಗಿ ನಿಂತವು. ಒಂದರ ಕಿವಿಯೂ ಮುಕ್ಕಾಗಿರಲಿಲ್ಲ. "ಅವ್ರು ಕಳಿಸಿದ ಫೋಟೋದಾಗೂ ಹಿಂಗ ಇದ್ವು ರೀ" ಎಂದು ಅವಳು ನಿಟ್ಟುಸಿರು ಬಿಟ್ಟಾಗ, ಜೀವನದಲ್ಲಿ ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಸಂಜೆ ಬಿಟಿಎಂ ಲೇಔಟಿನ ಪಿಜಿಗಳಿಂದ ಹುಡುಗಿಯರ ದಂಡೇ ಇಳಕಲ್ ಸೀರೆ ಉಟ್ಟು ಬಂತು. ನಮ್ಮ ಮೆಟ್ಟಿಲ ತುಂಬ ಚಪ್ಪಲಿ, ಮೇಲೆ ಗೌರಿಯ ಹಾಡು. ನನ್ನನ್ನೂ ನನ್ನ ಹೆಂಡತಿಯನ್ನೂ ಮುಂದೆ ಕೂರಿಸಿದರು. ಆರತಿಯ ಬೆಳಕಿಗೆ ನನ್ನ ಆನೆಗಳು ಹೊಳೆದವು. ಫೋನಿನಲ್ಲಿ ನೋಡುತ್ತಿದ್ದ ರೇಣುಕಾಳ ಭಾವಿ ಅತ್ತೆ ನನ್ನನ್ನು ಕರೆದು, "ಸಾಹೇಬ್ರ, ನಮ್ಮೂರ ಸಕ್ಕರಿ ಆರತಿ ನೋಡಿದ್ರೇನು? ಎಷ್ಟು ಚಂದ ಅದಾವ! ಇಂಥಾ ಕೈ ನಿಮ್ಮ ಬೆಂಗಳೂರಾಗ ಐತೇನ್ರಿ?" ಎಂದರು.

ನನ್ನ ಬಾಯಿ ತಾನಾಗಿಯೇ ತೆರೆಯಿತು. ಆರತಿಯ ತಟ್ಟೆ ಹಿಡಿದಿದ್ದ ರೇಣುಕಾ ನನ್ನನ್ನೇ ನೋಡಿದಳು.

"ಎಲ್ಲಿಂದ ಬರ್ಬೇಕು ಮೇಡಂ," ಎಂದೆ. "ನಮ್ಮ ಕಡೆ ಒಬ್ಬರಿಗೂ ಬರಲ್ಲ."