ದಮ್ಮಿನ ಪುಡಿ ಕುಡಿದವರ ವೇಗ

ಗರುಡಾಚಾರ್‌ಪಾಳ್ಯದ ಪಂಪು ಕಾರ್ಖಾನೆಯಲ್ಲಿ ನೌಕರರ ದಮ್ಮು ಕಡಿಮೆ ಇರುವುದು ಅಧಿಕೃತವಾಗಿ ಪತ್ತೆಯಾಯಿತು. ಆಡಳಿತವು ತಡಮಾಡದೆ ದಮ್ಮು ಹೆಚ್ಚಿಸುವ ಪುಡಿಯನ್ನು ಎಲ್ಲರಿಗೂ ಹಂಚಿತು. ಅದನ್ನು ತಯಾರಿಸುವವರು ಎಂ.ಡಿ. ಮುನಿರಾಜಪ್ಪನವರ ಷಡ್ಡಕರು. ಬೆಲೆಯನ್ನು ಸಂಬಳದಲ್ಲೇ ಮುರಿದುಕೊಂಡದ್ದರಿಂದ ಹಣ ಕೊಡುವ ಶ್ರಮ ಯಾರಿಗೂ ಬೀಳಲಿಲ್ಲ. ಪುಡಿಯ ಮಹಿಮೆಯನ್ನು ಲೋಕಕ್ಕೆ ತೋರಿಸಲು ಕೆ.ಆರ್. ಪುರದ ತೂಗುಸೇತುವೆಯವರೆಗೆ ಓಟ ಗೊತ್ತಾಯಿತು. ಗುತ್ತಿಗೆ ನೌಕರರಲ್ಲಿ ಮೊದಲು ಮುಟ್ಟಿದವನಿಗೆ ಕಾಯಂ ಕೆಲಸ ಎಂದು ನೋಟಿಸು ಅಂಟಿಸಿದರು.

ಗೇಟು ಕಾಯುವ ಭೀಮಾಶಂಕರ ಆ ಸಾಲನ್ನು ಮತ್ತೆ ಮತ್ತೆ ಓದಿದ. ಸೇಡಂನಿಂದ ಬಂದಂದಿನಿಂದ ಅವನ ಗುತ್ತಿಗೆ ವರ್ಷವರ್ಷವೂ ಸತ್ತು ಹುಟ್ಟುತ್ತಿತ್ತು. ಹೆಂಡತಿ ಕಾವೇರಿ ಪುಡಿಯನ್ನು ಮಜ್ಜಿಗೆಯಲ್ಲಿ ಕಲಕಿ ಕೊಟ್ಟು, “ಗೇಟಿನ್ಯಾಗ ನಿಂತು ದಾರಿ ಬಿಟ್ಟಿದ್ದು ಸಾಕು. ಈ ಸಲ ಯಾರಿಗೂ ಬಿಡಬ್ಯಾಡ್ರಿ” ಎಂದಳು.

ಮರುದಿನ ಸುತ್ತೋಲೆ ಬಂತು. ಪುಡಿ ಸೇವಿಸಿದವರು ವೇಗದಲ್ಲಿ ಸಂಯಮ ಪಾಲಿಸತಕ್ಕದ್ದು. ದಮ್ಮನ್ನು ಒಮ್ಮೆಗೇ ವ್ಯಯಿಸುವುದು ಸಂಸ್ಥೆಯ ಆಸ್ತಿಯ ದುರುಪಯೋಗ. ಮೇಲಧಿಕಾರಿಯನ್ನು ಹಿಂದಿಕ್ಕತಕ್ಕದ್ದಲ್ಲ. ನಿಲ್ಲತಕ್ಕದ್ದೂ ಅಲ್ಲ, ನಿಂತರೆ ಪುಡಿಯ ಹೆಸರು ಕೆಡುತ್ತದೆ.

ಭೀಮಾಶಂಕರ ಎಚ್.ಆರ್. ವಿಭಾಗದ ರಾಜೇಶ್ವರಿಯವರ ಬಳಿ ಹೋದ.

“ಮೇಡಂ, ಎಲ್ಲಾರ ಹಿಂದ ಓಡಿ ಮೊದಲ ಹ್ಯಾಂಗ ಬರೋದ್ರಿ?”

“ಅದಕ್ಕೇ ಅಲ್ವೇನ್ರೀ ಪುಡಿ ಕೊಟ್ಟಿರೋದು?”

ಉತ್ತರ ಸಮಂಜಸವಾಗಿತ್ತು.

ಭಾನುವಾರ ಎಂ.ಡಿ.ಯವರು ಮುಂದೆ ಓಡಿದರು, ಉಳಿದವರು ಹುದ್ದೆಯ ಕ್ರಮದಲ್ಲಿ ಹಿಂದೆ. ಪುಡಿ ಒಗ್ಗದ ಕಾರಣ ಎಂ.ಡಿ.ಯವರು ಮಾತ್ರ ಅದನ್ನು ಸೇವಿಸಿರಲಿಲ್ಲ. ಮೊದಲ ತಿರುವಿನಲ್ಲೇ ಏದುಸಿರು ಬಂದು, ದರ್ಶಿನಿಯೊಂದರಲ್ಲಿ ಮಸಾಲೆದೋಸೆ ತಿಂದು, ಕಾರು ತರಿಸಿ ಹೊರಮಾವಿನ ಮನೆಗೆ ಹೋದರು. ಅವರು ನಿಂತ ಜಾಗವನ್ನು ದಾಟುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ಇಡೀ ಕಾರ್ಖಾನೆ ದರ್ಶಿನಿಯ ಮುಂದೆ ನಿಂತಲ್ಲೇ ಓಡಿತು.

ರಾಜೇಶ್ವರಿಯವರು ಓಡುತ್ತಲೇ ಫೋನು ಮಾಡಿದರು. ಬಿಡುವಾದಾಗ ಬಂದು ಮುಗಿಸುವುದಾಗಿಯೂ, ಅಲ್ಲಿಯವರೆಗೆ ಓಟ ಜಾರಿಯಲ್ಲಿರುವುದಾಗಿಯೂ ಎಂ.ಡಿ. ತಿಳಿಸಿದರು. ಉತ್ಪಾದನೆಗೆ ಧಕ್ಕೆಯಾಗದಂತೆ ಎಲ್ಲರ ಪರವಾಗಿ ಕೊನೆಯ ಹುದ್ದೆಯವನೊಬ್ಬ ಓಡಿದರೆ ಸಾಕೆಂದೂ ತೀರ್ಮಾನವಾಯಿತು.

ಈಗ ಭೀಮಾಶಂಕರ ಗೇಟಿನಲ್ಲಿ ನಿಂತಲ್ಲೇ ಓಡುತ್ತಾ ಸೆಲ್ಯೂಟ್ ಹೊಡೆಯುತ್ತಾನೆ. ಲಾರಿಯವರು ಮೊದಮೊದಲು ನಕ್ಕರು. ಈಗ ಅವನು ಕುಣಿಯುವ ಲಯಕ್ಕೇ ಹೆಬ್ಬೆಟ್ಟು ಎತ್ತಿ ಒಳಗೆ ಹೋಗುತ್ತಾರೆ. ತಿಂಗಳ ಕೊನೆಗೆ ಅವನ ಗುತ್ತಿಗೆ ಮುಗಿಯಿತು. ಆದರೆ ಓಟದ ನಡುವೆ ಸ್ಪರ್ಧಿಯನ್ನು ತೆಗೆಯುವ ನಿಯಮವಿಲ್ಲ.

“ಕಾಯಂ ಆತೇನ್ರಿ?” ಎಂದು ಕಾವೇರಿ ಕೇಳಿದಳು.

“ಕೆಲಸ ಅಲ್ಲ. ಓಟ ಕಾಯಂ ಆಗ್ಯದ.”

ಅವಳು ಮಜ್ಜಿಗೆ ಕಡೆಯಲು ಕೂತಳು.

ಉಳಿದ ಗುತ್ತಿಗೆಯವರು ತಮಗೂ ನಿಂತಲ್ಲೇ ಓಡುವ ಅವಕಾಶ ಕೋರಿದ್ದಾರೆ. ಪುಡಿಯ ದಾಸ್ತಾನು ನೋಡಿಕೊಂಡು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.