ಚುಕ್ಕಿ ಹಸುವಿಗೆ ವಿಡಿಯೋ ಗೇಮಿನ ಸಂಗೀತ

ನಮ್ಮ ಹಸು ಚುಕ್ಕಿ ಹಾಲು ಬಿಡದಿರಲು ಕಾರಣವೇನೆಂದು ಕಂಡುಹಿಡಿದ, ಬಂಗಾರಪೇಟೆ ಕಡೆಯ ಏಕೈಕ ಬುದ್ಧಿವಂತ ನಾನೇ. ರತ್ನ, ಅಂದರೆ ನನ್ನ ಹೆಂಡತಿ, ಎರಡು ಹೊತ್ತೂ ಹಾಲು ಕರೆಯುವಾಗ ನಾನು ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ಟಿವಿಗೆ ಹಳೇ ವಿಡಿಯೋ ಗೇಮ್ ಸಿಕ್ಕಿಸಿ ವಿಮಾನ ಹೊಡೆಯುವ ಆಟ ಆಡುತ್ತಿದ್ದೆ. ಒಂದು ದಿನವೂ ಗೆದ್ದಿಲ್ಲ, ಅದು ಬೇರೆ ವಿಷಯ. ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡಿದ್ದ ಆ ದರಿದ್ರ ಡಬ್ಬ ಮೊನ್ನೆ ಸುಟ್ಟುಹೋಯಿತು. ಅಂದಿನಿಂದ ಚುಕ್ಕಿ ಹಾಲು ಬಿಡುತ್ತಿಲ್ಲ. ಒದೆ ಮಾತ್ರ ಧಾರಾಳ!

“ಇನ್ನೊಂದಿನ ಇಂಗೇ ಆದ್ರೆ ಕೆಚ್ಚಲು ಬಾವು ಬತ್ತದೆ ಅಂತ ಡಾಕ್ಟ್ರು ಏಳವ್ರೆ. ಕರುವಾಗಿದ್ದಾಗಿಂದ ಸಾಕಿವ್ನಿ ಕಣ್ರೀ,” ಎಂದು ರತ್ನ ಕಣ್ಣೊರೆಸಿಕೊಂಡಳು.

“ಅಳ್ಬೇಡ. ಅದಕ್ಕೆ ಆ ಆಟದ ಮ್ಯೂಸಿಕ್ ಬೇಕು. ಫೋನಿಗೆ ಇಳಿಸ್ಕೊತೀನಿ. ಎರಡೇ ನಿಮಿಷ!” ಎಂದು ಘೋಷಿಸಿದೆ.

ಪಕ್ಕದ ಮನೆಯ ಕವಿತ ಕಂಪ್ಯೂಟರ್ ಓದಿದವಳು. “ಮಾವ, ದೊಡ್ಡ ಅಸಿರು ಬಟನ್ ಒತ್ಬೇಡಿ, ಅದು ಜಾಹೀರಾತು. ಫೈಲಿನ ಎಸರು ಎಂಪಿ ತ್ರೀ ಅಂತ ಮುಗೀಬೇಕು. ಆಪ್ ಇನ್‌ಸ್ಟಾಲ್ ಮಾಡಿ ಅಂದ್ರೆ ಮುಟ್ಲೇಬೇಡಿ,” ಎಂದಳು.

ನನಗೆ ಉರಿದುಹೋಯಿತು. “ನಿಮ್ಮಪ್ಪಂಗೆ ಸೈಕಲ್ ಕಲಿಸಿದೋನು ನಾನು ಕಣಮ್ಮ!”

ಹುಡುಕಿದೆ. ಆಟದ ಹೆಸರು ಸಿಕ್ಕಿತು. ಕೆಳಗೆ ಹಸಿರು ಬಟನ್ ತಟ್ಟೆಯಷ್ಟಗಲ ಹೊಳೆಯುತ್ತಿತ್ತು. ಒತ್ತಿದೆ. ಆಪ್ ಹಾಕಿಕೋ ಎಂದಿತು, ಹಾಕಿಕೊಂಡೆ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲೇ ಎಂದು ಕೇಳಿತು. ನೋಡಪ್ಪ ಎಂದೆ. ಹೊಲದ ಪಹಣಿ ಕೇಳಿದ್ದರೂ ಕೊಡುತ್ತಿದ್ದೆನೇನೋ!

ಸಂಗೀತ ಬರಲಿಲ್ಲ. ಪರದೆಯೆಲ್ಲ ಕೆಂಪಾಗಿ, ಫೋನಿಗೆ ವೈರಸ್ ಬಂದಿದೆಯೆಂದು ಸೈರನ್ ಕೂಗತೊಡಗಿತು. ನಡುವೆಯೇ ಡೈರಿ ಕಾರ್ಯದರ್ಶಿಯ ಫೋನು.

“ಏನಣ್ಣಾ, ‘ಉಚಿತ ಫ್ರಿಜ್ ಗೆದ್ದಿದ್ದೀರಿ, ಬೇಗ ಒತ್ತಿ’ ಅಂತ ಡೈರಿ ವಾಟ್ಸಾಪ್ ಗ್ರೂಪಿಗೆ ಆಕಿದ್ದೀಯಲ್ಲ! ಐದು ಜನ ಒತ್ತವ್ರೆ! ಮನೆ ತಾವ ಬತ್ತಾವ್ರೆ, ಬಾಗಿಲು ಆಕ್ಕೊ!”

ಅವರು ಫೋನಿಟ್ಟ ಮೇಲೆ ಮಾರಿಕುಪ್ಪಂನ ಬೀಗರ ಫೋನು; ಆ ಆಪ್ ನನ್ನ ಹೆಸರಿನಲ್ಲಿ ಅವರಿಗೂ ಕಳಿಸಿತ್ತು. ಫ್ರಿಜ್ ಯಾವ ಬಣ್ಣದ್ದು ಎಂದು ಕೇಳಿದರು.

ಅವಮಾನದಿಂದ ಕೊಟ್ಟಿಗೆಗೆ ಓಡಿದೆ. ರತ್ನ ಮಂಡಿಯ ನಡುವೆ ಖಾಲಿ ಪಾತ್ರೆ ಹಿಡಿದು ಚುಕ್ಕಿಯ ಕೆಚ್ಚಲು ನೀವುತ್ತ ಕೂತಿದ್ದಳು. ನನ್ನ ಕೈಯಲ್ಲಿ ಫೋನು ಇನ್ನೂ ಊಳಿಡುತ್ತಿತ್ತು. ನನ್ನ ತಾಳ್ಮೆ ಹರಿದೇಹೋಯಿತು.

“ಥೂ ನಿನ್ ಮಕಕ್ಕೆ ಬೆಂಕಿ ಆಕ! ಬಾಯ್ಮುಚ್ಲಾ! ಅಸಿರು ಬಟನ್ ಇಟ್ಟೋನ ಕೈ ಸೇದೋಗ! ಅವನ ಮನೆ ಆಳಾಗೋಗ!”

ಸೊರ್... ಸೊರ್... ಎಂದು ಶಬ್ದ ಬಂತು. ಪಾತ್ರೆಯಲ್ಲಿ ನೊರೆ ಏಳುತ್ತಿತ್ತು!

“ರೀ, ನಿಲ್ಲಿಸ್ಬೇಡಿ! ಬೈರಿ! ಇನ್ನೂ ಜೋರಾಗಿ ಬೈರಿ!” ಎಂದು ರತ್ನ ಅಳುತ್ತಲೇ ನಕ್ಕಳು.

ಆಗ ಅರ್ಥವಾಯಿತು. ನಾಲ್ಕು ವರ್ಷ ಎರಡು ಹೊತ್ತೂ ಸೋತು ಸೋತು ನಾನು ಟಿವಿಗೆ ಬೈಯುತ್ತಿದ್ದುದನ್ನೇ ಚುಕ್ಕಿ ಕಿವಿಗೊಟ್ಟು ಕೇಳುತ್ತಿದ್ದಳು.

ಕವಿತ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಸರಿಮಾಡಿದಳು. ಆಟದ ಅಸಲಿ ಸಂಗೀತವನ್ನೂ ಇಳಿಸಿಕೊಟ್ಟಳು. ನಿಜವಾಗಿಯೂ ಎರಡೇ ನಿಮಿಷ! ಚುಕ್ಕಿಗೆ ಕೇಳಿಸಿದೆವು. ಒದ್ದಳು.

ಈಗ ಎರಡು ಹೊತ್ತೂ ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿ ಕೂತು ನನ್ನನ್ನೇ ನಾನು ಬೈದುಕೊಳ್ಳುತ್ತೇನೆ. ವಿಷಯಕ್ಕೇನೂ ಕೊರತೆಯಿಲ್ಲ.